‘ಜಾಬ್‌ನಿಕ್!’ ಓದುವ ಮುನ್ನ: ಇಸ್ರೇಲಿ ಸೇನೆಯ ಗುಮಾಸ್ತಿಕೆ, ಪೆನ್ಸಿಲ್ ಪುಟ, ಕನ್ನಡದ ಬಲೂನು

ಪುಟಗಳ್ಳ

ನಮ್ಮ ಓದುಬಳಗದ ಮುಂದಿನ ಪುಸ್ತಕ ಮಿರಿಯಮ್ ಲಿಬಿಕಿಯವರ ‘ಜಾಬ್‌ನಿಕ್!’ ಎಂಬ ಕಾಮಿಕ್ಸ್. ಅಮೆರಿಕದ ಧಾರ್ಮಿಕ ಯಹೂದಿ ಕುಟುಂಬದ ಹುಡುಗಿಯೊಬ್ಬಳು ಇಸ್ರೇಲಿಗೆ ಹೋಗಿ ಸೇನೆ ಸೇರುತ್ತಾಳೆ. ಕಥೆಯ ಕಾಲ 2000ದ ಸುಮಾರು. ನೆಗೆವ್ ಮರುಭೂಮಿಯ ನೆಲೆಯೊಂದರ ಚಿಕಿತ್ಸಾಲಯದಲ್ಲಿ ಗುಮಾಸ್ತಿಕೆ ಮಾಡುತ್ತಾಳೆ. ಆತ್ಮಕಥೆಯೇ. ಮೊದಲು ಬಿಡಿ ಸಂಚಿಕೆಗಳಾಗಿ ಬಂದು 2008ರಲ್ಲಿ ಪುಸ್ತಕವಾಯಿತು, ಪೂರ್ತಿ ಪೆನ್ಸಿಲ್ ಛಾಯೆಯಲ್ಲಿದೆ.

ಕೇಳಬೇಕಾದ್ದು ಮೂರು. ರೈಫಲ್ ತರಬೇತಿ ಕೊಟ್ಟು ಆಮೇಲೆ ಮೇಜಿನ ಮುಂದೆ ಯಾಕೆ ಕೂರಿಸುತ್ತಾರೆ? ಹಿನ್ನೆಲೆಯಲ್ಲಿ ಸುಳಿಯುವ ಸುದ್ದಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು? ಚರ್ಚೆಗೆಂದು ಎಂಟು ಪುಟ ಕನ್ನಡಕ್ಕೆ ತರೋಣ ಅಂತಿದ್ದೇವೆ, ಮಾತಿನ ಬಲೂನುಗಳಲ್ಲಿ ಅಕ್ಷರ ಕೂರಿಸುವುದು ಹೇಗೆ? ಜೆರಾಕ್ಸ್ ಮಾಡಿದರೆ ಚಿತ್ರವೆಲ್ಲ ಮಸಿ ಬಳಿದಂತೆ ಬರುತ್ತಿದೆ.

ಮರಳುಬಸ್ಸು

ಮೊದಲನೆಯದಕ್ಕೆ ಉತ್ತರ ಹೇಳುತ್ತೇನೆ. ಇಡೀ ಪುಸ್ತಕ ನಿಂತಿರುವುದೇ ಅದರ ಮೇಲೆ.

ಇಸ್ರೇಲಿನಲ್ಲಿ ಯಹೂದಿ ಹೆಣ್ಣುಮಕ್ಕಳಿಗೂ ಸೇನಾ ಸೇವೆ ಕಡ್ಡಾಯ, 1949ರ ಕಾನೂನಿನ ಕಾಲದಿಂದಲೂ. ದ್ರೂಸ್ ಎಂಬ ಅರಬ್ಬಿ ಮಾತಿನ ಅಲ್ಪಸಂಖ್ಯಾತ ಸಮುದಾಯದಲ್ಲಿ ಗಂಡಸರಿಗೆ ಮಾತ್ರ. ಮದುವೆಯಾದವರಿಗೆ, ಗರ್ಭಿಣಿಯರಿಗೆ, ತಾಯಂದಿರಿಗೆ ವಿನಾಯಿತಿ ಇದೆ. ಧಾರ್ಮಿಕ ಕಾರಣ ಘೋಷಿಸಿಯೂ ಹುಡುಗಿ ಹೊರಗುಳಿಯಬಹುದು. ಹಾಗೆ ಹೊರಗುಳಿದವರಲ್ಲಿ ಅನೇಕರು ಆಸ್ಪತ್ರೆ, ಶಾಲೆಗಳಲ್ಲಿ ‘ರಾಷ್ಟ್ರೀಯ ಸೇವೆ’ ಮಾಡುತ್ತಾರೆ. ಆದ್ದರಿಂದ ಸಬ್ಬತ್ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಧಾರ್ಮಿಕ ವಿಶ್ರಾಂತಿ) ಪಾಲಿಸುವ ಮನೆಯ ಹುಡುಗಿ ತಾನೇ ಮುಂದೆ ಬಂದು ಸಮವಸ್ತ್ರ ತೊಟ್ಟಳು ಅಂದರೆ, ಅದು ಸುಲಭದ ದಾರಿಯನ್ನು ಬಿಟ್ಟು ಬಂದದ್ದು. ಪುಸ್ತಕ ಇದನ್ನು ಬಿಡಿಸಿ ಹೇಳುವುದಿಲ್ಲ. ಅಲ್ಲಿನ ಓದುಗನಿಗೆ ಹೇಳಬೇಕಾಗಿಯೂ ಇಲ್ಲ.

ವಿಂಗಡಣೆ ಶುರುವಾಗುವುದು ಮೊದಲ ಕರೆಯಿಂದ, ಅಂದರೆ ‘ತ್ಸಾವ್ ರಿಶೋನ್’. ಅಲ್ಲಿ ಹುಟ್ಟಿದವರಿಗೆ ಇದು ಹದಿನಾರು ಹದಿನೇಳರ ವಯಸ್ಸಿನಲ್ಲಿ ಬರುತ್ತದೆ. ವೈದ್ಯಕೀಯ ತಪಾಸಣೆ ಮಾಡಿ ‘ಪ್ರೊಫೈಲ್’ ಅಂಕ ಕೊಡುತ್ತಾರೆ. ಗರಿಷ್ಠ 97, ನಂತರ 82, 72, 64, 45. 21 ಬಂದರೆ ಸೇವೆಯಿಂದಲೇ ಬಿಡುಗಡೆ, 24 ತಾತ್ಕಾಲಿಕ ಅನರ್ಹತೆ. ಸ್ಥೂಲವಾಗಿ 72ಕ್ಕಿಂತ ಕೆಳಗಿದ್ದವರನ್ನು ಹೋರಾಟದ ತುಕಡಿಗೆ ಹಾಕುವುದಿಲ್ಲ. ದೇಹದ ತೊಂದರೆ ಮಾತ್ರವಲ್ಲ, ಮಾನಸಿಕ ಆರೋಗ್ಯದ ಟಿಪ್ಪಣಿಯೂ ಅಂಕ ಇಳಿಸುತ್ತದೆ. ಇದರ ಜೊತೆಗೆ ಬುದ್ಧಿಪರೀಕ್ಷೆಯ ಅಂಕ, ‘ದಪಾರ್’: 10ರಿಂದ 90ರವರೆಗೆ, ಹತ್ತರ ಹೆಜ್ಜೆಯಲ್ಲಿ.

ಸೇರುವ ದಿನ ಟೆಲ್ ಹಶೊಮೇರ್‌ನ ‘ಬಾಕುಮ್’ ಎಂಬ ಸ್ವೀಕಾರ ಕೇಂದ್ರ. ಫೋಟೊ, ಬೆರಳಚ್ಚು, ಹಲ್ಲಿನ ಎಕ್ಸ್‌ರೇ, ಚುಚ್ಚುಮದ್ದು, ಬಟ್ಟೆಯ ಚೀಲ, ಗುರುತಿನ ಬಿಲ್ಲೆ ಎಲ್ಲ ಒಂದೇ ಸಾಲಿನಲ್ಲಿ. ಬಿಲ್ಲೆಯ ಮೇಲೆ ಏಳಂಕಿಯ ವೈಯಕ್ತಿಕ ಸಂಖ್ಯೆ. ಒಂದು ಕೊರಳಿಗೆ, ಬೂಟುಗಳ ಒಳಗೂ ಒಂದೊಂದು. ಅಲ್ಲಿಂದ ಮೂಲ ತರಬೇತಿ. ಹೋರಾಟೇತರ ಹುದ್ದೆಗೆ ಹೋಗುವವರಿಗೆ ಇದು ಕೆಲವೇ ವಾರಗಳದ್ದು: ಎಂ-16 ಬಿಚ್ಚಿ ಜೋಡಿಸುವುದು, ಗುಂಡು ಹೊಡೆಯುವುದು, ಪಹರೆ, ಪ್ರಥಮ ಚಿಕಿತ್ಸೆ. ರೈಫಲ್ ಕಲಿಸುವುದು ಪಹರೆಯ ಸರದಿ ಎಲ್ಲರಿಗೂ ಬರುತ್ತದೆ ಅಂತ. ಯುದ್ಧಕ್ಕೆ ಕಳಿಸಲಿಕ್ಕಲ್ಲ. ತರಬೇತಿ ಮುಗಿದ ಮೇಲೆ ಚಾಲಕ, ಅಡುಗೆ, ಉಗ್ರಾಣ, ಗುಮಾಸ್ತಿಕೆ. ಇಂಥ ಹುದ್ದೆಯವರಿಗೆ ಹೋರಾಟಗಾರರು ಇಟ್ಟ ಅಡ್ಡಹೆಸರೇ ಪುಸ್ತಕದ ಶೀರ್ಷಿಕೆ. ಅದರಲ್ಲಿ ಸಣ್ಣ ತಾತ್ಸಾರವೂ ಸೇರಿಕೊಂಡಿದೆ.

ಚುರುಮುರಿ

ಇದೆಲ್ಲಾ ಸರಿ ರೀ. ಆದ್ರ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ಬ್ಯಾರೆ ಹುದ್ದೆ ಇದ್ದೇ ಇರಲಿಲ್ಲೇನು? ಇಸ್ರೇಲ್ ಅಂದ್ರ ಬಂದೂಕು ಹಿಡಿದ ಹುಡುಗ್ಯಾರ ಫೋಟೊನೇ ಎಲ್ಲಾರೂ ತೋರಸ್ತಾರ.

ಮರಳುಬಸ್ಸು

ಆ ಫೋಟೊಗಳೇ ದಾರಿ ತಪ್ಪಿಸುವುದು. 1995ರಲ್ಲಿ ಆಲಿಸ್ ಮಿಲ್ಲರ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಪೈಲಟ್ ತರಬೇತಿಯ ಪರೀಕ್ಷೆಗೆ ಹೆಣ್ಣುಮಕ್ಕಳನ್ನೂ ಕೂರಿಸಬೇಕು ಎಂದಿತು. 2000ದ ಜನವರಿಯಲ್ಲಿ ಕಾನೂನಿಗೆ ತಿದ್ದುಪಡಿ ಬಂದು ಎಲ್ಲ ಹುದ್ದೆಗಳಲ್ಲಿ ಸಮಾನ ಹಕ್ಕು ಸಿಕ್ಕಿತು. ಗಂಡು ಹೆಣ್ಣು ಇಬ್ಬರೂ ಇರುವ ಕರಕಲ್ ಪಡೆ ಮೊದಲು ಸಣ್ಣ ತುಕಡಿ, 2004ರಲ್ಲಿ ಬೆಟಾಲಿಯನ್. ಮಹಿಳೆಯರ ಪ್ರತ್ಯೇಕ ದಳ ‘ಖೆನ್’ ವಿಸರ್ಜನೆಯಾದದ್ದು 2001ರಲ್ಲಿ. ಅಂದರೆ ಮಿರಿಯಮ್ ಕೆಲಸ ಮಾಡುವ ಕಾಲಕ್ಕೆ ಬಾಗಿಲು ಕಾಗದದ ಮೇಲೆ ಆಗಷ್ಟೇ ತೆರೆದಿತ್ತು. ಹೋರಾಟದ ಹುದ್ದೆ ಬೇಕೆಂದ ಹೆಣ್ಣು ತಾನಾಗಿ ಕೇಳಿಕೊಳ್ಳಬೇಕು, ಗಂಡಸರಷ್ಟೇ ಅವಧಿ ಸೇವೆ ಸಲ್ಲಿಸುತ್ತೇನೆಂದು ಸಹಿ ಹಾಕಬೇಕು. ಮಿಕ್ಕ ಬಹುಪಾಲು ಹುಡುಗಿಯರು ಕಚೇರಿಯಲ್ಲೇ. ಈ ಪುಸ್ತಕದ್ದು ಬಹುಪಾಲಿನವರ ಕಥೆ.

ತಂದೆತಾಯಿ ದೇಶದಲ್ಲಿಲ್ಲದ ಸೈನಿಕರಿಗೆ ‘ಖಯಾಲ್ ಬೊದೇದ್’ ಎಂಬ ವರ್ಗವೇ ಇದೆ, ಒಂಟಿ ಸೈನಿಕ. ವಸತಿ, ಹೆಚ್ಚುವರಿ ಭತ್ಯೆ, ತವರಿಗೆ ಹೋಗಿಬರಲು ವಿಶೇಷ ರಜೆ ಇಂಥ ಸೌಲಭ್ಯಗಳಿವೆ. ಅವನ್ನು ನೋಡಿಕೊಳ್ಳಲು ಘಟಕದಲ್ಲಿ ಒಬ್ಬ ಕಲ್ಯಾಣ ಸಿಬ್ಬಂದಿ ಇರುತ್ತಾಳೆ, ಹೆಚ್ಚಾಗಿ ಅವಳೂ ಹತ್ತೊಂಬತ್ತರ ಹುಡುಗಿಯೇ. ವಾರಾಂತ್ಯಕ್ಕೆ ಬೇರೆಯವರು ಚೀಲ ಹೆಗಲಿಗೆ ಹಾಕಿ ಅಮ್ಮನ ಮನೆಗೆ ಹೊರಟರೆ ಒಂಟಿ ಸೈನಿಕರಿಗೆ ಆ ಮನೆಯಿಲ್ಲ. ಹಾಗಾಗಿ ಇಂಥ ಕಥೆಗಳಲ್ಲಿ ಶುಕ್ರವಾರದ ಪುಟಗಳನ್ನು ನಿಧಾನವಾಗಿ ಓದಿ.

ಪುಟಗಳ್ಳ

ಚಿಕಿತ್ಸಾಲಯದ ಗುಮಾಸ್ತೆ ದಿನವಿಡೀ ಮಾಡುವುದಾದರೂ ಏನು?

ಮರಳುಬಸ್ಸು

ನೆಲೆಯ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಗಾಯಾಳುಗಳು ಕಡಿಮೆ. ಬೆನ್ನುನೋವು, ಜ್ವರ, ಬೂಟು ಕಚ್ಚಿದ ಕಾಲು, ಇವೇ ಜಾಸ್ತಿ. ಬರುವವನಿಗೆ ಬೇಕಾದ್ದು ಔಷಧಕ್ಕಿಂತ ಚೀಟಿ. ಚೀಟಿಯಲ್ಲಿ ದರ್ಜೆಗಳಿವೆ. ‘ಗಿಮೆಲ್’ ಸಿಕ್ಕರೆ ಮನೆಯಲ್ಲಿ ವಿಶ್ರಾಂತಿ. ‘ಬೆತ್’ ಸಿಕ್ಕರೆ ನೆಲೆಯಲ್ಲೇ ಮಲಗಬೇಕು. ‘ಪ್ತೋರ್’ ಅಂದರೆ ನಿರ್ದಿಷ್ಟ ಕೆಲಸದಿಂದ ವಿನಾಯಿತಿ: ಓಡುವುದರಿಂದ, ಭಾರ ಎತ್ತುವುದರಿಂದ. ಗಿಮೆಲ್, ಬೆತ್ ಹೀಬ್ರೂ ಅಕ್ಷರಮಾಲೆಯಲ್ಲಿ ಅಕ್ಕಪಕ್ಕದ ಅಕ್ಷರಗಳು, ಆದರೆ ಸೈನಿಕನಿಗೆ ಆ ಒಂದು ಅಕ್ಷರದ ವ್ಯತ್ಯಾಸವೇ ಪ್ರಪಂಚ. ಸರದಿ, ಕಡತ, ತಜ್ಞರ ಬಳಿಗೆ ಕಳಿಸುವ ಪತ್ರ ಎಲ್ಲ ಗುಮಾಸ್ತೆಯ ಮೇಜಿನ ಮೇಲೆ ಹಾದುಹೋಗುತ್ತವೆ. ಅಧಿಕಾರವಿಲ್ಲದವಳ ಮುಂದೆ ಎಲ್ಲರೂ ಗೋಗರೆಯುವ ಜಾಗ ಅದು. ಕಥೆ ಹೇಳುವವಳಿಗೆ ಇದಕ್ಕಿಂತ ಒಳ್ಳೆಯ ಕುರ್ಚಿ ಸಿಗಲಾರದು.

ಧರ್ಮದ ಎಳೆಯೂ ಇಲ್ಲಿದೆ. ಸಬ್ಬತ್ತಿನಲ್ಲಿ ಬರೆಯುವಂತಿಲ್ಲ, ವಾಹನ ಓಡಿಸುವಂತಿಲ್ಲ. ಆದರೆ ಜೀವ ಉಳಿಸುವ ಕೆಲಸ ಸಬ್ಬತ್ತನ್ನೂ ಮೀರಿದ್ದು ಎಂಬ ನಿಯಮ ಯಹೂದಿ ಧರ್ಮಶಾಸ್ತ್ರದಲ್ಲೇ ಇದೆ. ಇನ್ನು ಸಂಪ್ರದಾಯಸ್ಥ ಮನೆಗಳಲ್ಲಿ ಮದುವೆಗೆ ಮುಂಚೆ ಹುಡುಗ ಹುಡುಗಿ ಮುಟ್ಟಿಕೊಳ್ಳಬಾರದು ಎಂಬ ಕಟ್ಟುಪಾಡು. ಮಿರಿಯಮ್‌ಳ ಪ್ರೇಮಪ್ರಸಂಗಗಳನ್ನು ಆ ಹಿನ್ನೆಲೆಯಿಟ್ಟು ಓದಿದರೆ ಅವಳ ಮುಜುಗರದ ತೂಕ ಗೊತ್ತಾಗುತ್ತದೆ.

ಕಾಲಗಣಕ

ಎರಡನೆಯ ಪ್ರಶ್ನೆ, ಸುದ್ದಿಗಳ ಕ್ರಮ. ಪುಸ್ತಕದ ಅಟ್ಟೆಯ ಒಳಗೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.

2000 ಮೇ 24–25, ಇಸ್ರೇಲ್ ದಕ್ಷಿಣ ಲೆಬನಾನ್‌ನಿಂದ ಹಿಂದೆಗೆಯಿತು. ಜುಲೈ 11ರಿಂದ 25, ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಶಾಂತಿ ಮಾತುಕತೆ. ಇಸ್ರೇಲಿನ ಪ್ರಧಾನಿ ಎಹುದ್ ಬರಾಕ್, ಪ್ಯಾಲೆಸ್ಟೀನಿನ ನಾಯಕ ಯಾಸರ್ ಅರಾಫತ್, ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಒಪ್ಪಂದವಿಲ್ಲದೆ ಎದ್ದರು. ಸೆಪ್ಟೆಂಬರ್ 28, ಇಸ್ರೇಲಿನ ವಿರೋಧಪಕ್ಷದ ನಾಯಕ ಏರಿಯಲ್ ಶರೋನ್ ಜೆರುಸಲೇಮಿನ ದೇಗುಲಬೆಟ್ಟಕ್ಕೆ, ಅಂದರೆ ಮುಸ್ಲಿಮರ ಹರಮ್ ಅಲ್-ಶರೀಫ್‌ಗೆ, ಭೇಟಿ ಕೊಟ್ಟದ್ದು. ಮರುದಿನದಿಂದ ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯನ್ನರ ದಂಗೆ. ಯಹೂದಿ ಹೊಸ ವರ್ಷ ಆ ಸಲ ಸೆಪ್ಟೆಂಬರ್ 30ಕ್ಕೆ ಬಿತ್ತು. ಅದೇ ದಿನ ಗಾಜಾದ ನೆತ್ಸಾರಿಮ್ ಕೂಡುರಸ್ತೆಯಲ್ಲಿ ಮುಹಮ್ಮದ್ ಅಲ್-ದುರ್ರಾ ಎಂಬ ಬಾಲಕ ತಂದೆಯ ಮರೆಯಲ್ಲಿ ಗುಂಡಿನ ನಡುವೆ ಸಿಕ್ಕಿಕೊಂಡ ದೃಶ್ಯ ಟೀವಿಯಲ್ಲಿ ಜಗತ್ತಿಗೆಲ್ಲ ಹೋಯಿತು. ಅಕ್ಟೋಬರ್ ಮೊದಲ ವಾರದಲ್ಲಿ ಇಸ್ರೇಲಿನೊಳಗೇ ಅರಬ್ ಪ್ರತಿಭಟನಕಾರರ ಮೇಲೆ ಪೊಲೀಸ್ ಗೋಲಿಬಾರು. ಆ ತಿಂಗಳು ಸತ್ತವರು 13 ಮಂದಿ. ಅಕ್ಟೋಬರ್ 12, ಪ್ಯಾಲೆಸ್ಟೀನಿನ ರಾಮಲ್ಲಾ ಊರಿನಲ್ಲಿ ಇಬ್ಬರು ಇಸ್ರೇಲಿ ಮೀಸಲು ಸೈನಿಕರನ್ನು ಗುಂಪು ಹೊಡೆದು ಕೊಂದಿತು. 2001 ಫೆಬ್ರುವರಿ 6ರ ಚುನಾವಣೆಯಲ್ಲಿ ಬರಾಕ್ ಸೋತು ಶರೋನ್ ಪ್ರಧಾನಿ.

ಈ ಸುದ್ದಿ ನೆಲೆಗೆ ಮುಟ್ಟುತ್ತಿದ್ದದ್ದು ಮುಖ್ಯವಾಗಿ ರೇಡಿಯೊದಿಂದ. ಸೇನೆಯದೇ ಬಾನುಲಿ ‘ಗಲೇ ತ್ಸಾಹಲ್’ ಶುರುವಾದದ್ದು 1950ರಲ್ಲಿ. ಅಲ್ಲಿ ತಾಸಿಗೊಮ್ಮೆ ವಾರ್ತೆ, ಬಸ್ಸಿನಲ್ಲೂ ಚಾಲಕರು ವಾರ್ತೆಯ ಹೊತ್ತಿಗೆ ಧ್ವನಿ ಏರಿಸುವ ರೂಢಿ. ಆದ್ದರಿಂದ ಒಂದೇ ಪುಟದಲ್ಲಿ ಪ್ರೇಮದ ಪಿಸುಮಾತೂ ಸಾವಿನ ಲೆಕ್ಕವೂ ಒಟ್ಟಿಗೆ ಕಂಡರೆ ಅದನ್ನು ಕಲಾತಂತ್ರ ಅಂದುಕೊಳ್ಳಬೇಡಿ. ಅಲ್ಲಿನ ದಿನಚರಿ ಇದ್ದದ್ದೇ ಹಾಗೆ.

ಚುರುಮುರಿ

ನನ್ನ ತಕರಾರು ಇಲ್ಲೇ ಐತಿ. ಹೊರಗ ಜನ ಸಾಯಾಕತ್ತಾರ, ಈಕಿ ಯಾವ ಹುಡುಗ ತನ್ನ ಕಡೆ ನೋಡಿದ ಅಂತ ಕುಂತಾಳ. ಪ್ಯಾಲೆಸ್ಟೀನಿನವರ ಮುಖ ಎಲ್ಲಿ? ಮೇಜಿನ ಹಿಂದ ಕುಂತ್ರ ಹೊಣಿ ಹೋಗೂದಿಲ್ಲ.

ಕಾಲಗಣಕ

ತಕರಾರು ನ್ಯಾಯವಾದದ್ದೇ. ಆದರೆ ಅದನ್ನು ಪುಸ್ತಕದ ಮೇಲೆ ಹಾಕುವ ಮುಂಚೆ ಒಂದು ನೋಡಿ. ಆತ್ಮಕಥನದ ಚಿತ್ರಪುಟದಲ್ಲಿ ಎರಡು ಕಾಲ ಇರುತ್ತವೆ: ಮಾತಿನ ಬಲೂನಿನೊಳಗೆ ಅಂದಿನ ಮಾತು, ಚೌಕದ ಮೇಲಂಚಿನ ನಿರೂಪಣಾ ಪಟ್ಟಿಯಲ್ಲಿ ಇಂದಿನ ಮಾತು. ಬಹಳ ಲೇಖಕರು ಆ ಪಟ್ಟಿಯಲ್ಲಿ ಇಂದಿನ ವಿವೇಕ ತುಂಬಿ ಅಂದಿನ ಎಳಸುತನವನ್ನು ತಿದ್ದಿಬಿಡುತ್ತಾರೆ. ಓದುಗ ಆಗ ಲೇಖಕಿಯನ್ನು ಮೆಚ್ಚುತ್ತಾನೆ, ಸೈನಿಕಳನ್ನು ಮರೆಯುತ್ತಾನೆ. ಲಿಬಿಕಿ ತನ್ನನ್ನು ಚಂದಗಾಣಿಸಿಕೊಳ್ಳುವ ಗೋಜಿಗೆ ಹೋಗಿಲ್ಲ. ಸಪ್ಪೆ ಮುಖದ, ತಪ್ಪು ಹುಡುಗರ ಹಿಂದೆ ಹೋಗುವ, ಸುದ್ದಿ ಕೇಳಿ ಏನು ಮಾಡಬೇಕೆಂದು ತೋಚದ ಮಿರಿಯಮ್‌ಳನ್ನು ಹಾಗೆಯೇ ಬಿಟ್ಟಿದ್ದಾಳೆ. ನೀವು ಸಿಟ್ಟಾಗಲು ಬೇಕಾದ ಸಾಮಗ್ರಿಯನ್ನು ನಿಮಗೆ ಕೊಟ್ಟವಳು ಅವಳೇ.

ಪ್ಯಾಲೆಸ್ಟೀನಿನ ಕಡೆಯ ಬದುಕು ಈ ಪುಸ್ತಕದಲ್ಲಿ ಇಲ್ಲ, ಅದು ನಿಜ. ಅದನ್ನು ಬೇರೆ ಪುಸ್ತಕಗಳಲ್ಲಿ ಹುಡುಕಬೇಕು. ಬಳಗದಲ್ಲಿ ಇದೊಂದನ್ನೇ ಓದಿ ಇಂತಿಫಾದಾ ಅರ್ಥವಾಯಿತು ಅಂತ ಯಾರಾದರೂ ಹೇಳಿದರೆ ನಿಲ್ಲಿಸಿ.

ನಿರ್ವಾಹಕ

ಈಗಿನ ಯುದ್ಧದ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಪುಸ್ತಕ, ಚಿತ್ರ, ಅಕ್ಷರ ಮಾತ್ರ.

ನಾಲ್ಕು_ಬಿ

ಪೆನ್ಸಿಲ್ ವಿಚಾರಕ್ಕೆ ಬರುತ್ತೇನೆ. ಜೆರಾಕ್ಸ್‌ನಲ್ಲಿ ಮಸಿಯಾಗುವುದಕ್ಕೆ ಕಾರಣ ಸರಳ. ಶಾಯಿ ಗೆರೆ ಅಂದರೆ ಕಪ್ಪು ಅಥವಾ ಬಿಳಿ. ಪೆನ್ಸಿಲ್ ಅಂದರೆ ನಡುವಿನ ನೂರು ಬೂದು. ಸಾಮಾನ್ಯ ಜೆರಾಕ್ಸ್ ಯಂತ್ರ ಅಕ್ಷರದ ಮೋಡ್‌ನಲ್ಲಿ ಬೂದನ್ನೆಲ್ಲ ಈ ಕಡೆ ಇಲ್ಲವೇ ಆ ಕಡೆ ತಳ್ಳುತ್ತದೆ. ‘ಫೋಟೊ’ ಮೋಡ್ ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಸ್ವಂತ ಪುಟ ಮಾಡುವವರಿಗೆ ಇದನ್ನು ಮೊದಲಿಂದ ಹೇಳುತ್ತೇನೆ. ಕಾಗದ 150 ಜಿಎಸ್‌ಎಂ ಕಾರ್ಟ್ರಿಡ್ಜ್, ತೀರ ಒರಟು ಬೇಡ; ಒರಟು ಮೈಯ ಗುಂಡಿಗಳು ಸ್ಕ್ಯಾನ್‌ನಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯಿರಿ. ರೂಪರೇಖೆಗೆ ಎಚ್‌ಬಿ, ಛಾಯೆಗೆ 2ಬಿ, ಗಾಢ ಜಾಗಕ್ಕೆ 4ಬಿ, ಅಲ್ಲಿಗೆ ಸಾಕು. 6ಬಿ, 8ಬಿ ಹಾಕಿ ಉಜ್ಜಿದರೆ ಗ್ರಾಫೈಟ್ ಹೊಳೆಯುತ್ತದೆ. ಸ್ಕ್ಯಾನರಿನ ದೀಪ ಆ ಹೊಳಪಿಗೆ ತಾಗಿ, ಕಡುಗಪ್ಪಾಗಿ ಬರಬೇಕಾದ ಜಾಗ ಬೂದಾಗಿ ಬರುತ್ತದೆ. ಕೈ ಕೆಳಗೆ ಯಾವಾಗಲೂ ಒಂದು ಖಾಲಿ ಹಾಳೆ ಇರಲಿ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಛಾಯೆ ತುಂಬಿ. ಎಡಗೈಯವರು ತಿರುವು ಮುರುವು. ಮುಗಿದ ಮೇಲೆ, ಪೆನ್ಸಿಲ್ ಪುಡಿ ಅಳಿಯದಂತೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇ ಅನ್ನು ಒಂದಡಿ ದೂರದಿಂದ ಎರಡು ತೆಳು ಪದರ. ಒಂದೇ ದಪ್ಪ ಪದರ ಹಾಕಿದರೆ ಕಾಗದ ಒದ್ದೆಯಾಗಿ ಛಾಯೆ ಕಪ್ಪಗಾಗುತ್ತದೆ.

ಸ್ಕ್ಯಾನ್ 600 ಡಿಪಿಐ, ಗ್ರೇಸ್ಕೇಲ್. ‘ಬ್ಲ್ಯಾಕ್ ಅಂಡ್ ವೈಟ್’ ಅಥವಾ ‘ಲೈನ್ ಆರ್ಟ್’ ಆಯ್ದರೆ ಮುಗಿಯಿತು ಕಥೆ. ತೆಳ್ಳನೆಯ ಅಗ್ಗದ ಸ್ಕ್ಯಾನರುಗಳಲ್ಲಿ ಸಿಐಎಸ್ ಸಂವೇದಕ ಇರುತ್ತದೆ. ಕಾಗದ ಗಾಜಿನಿಂದ ಒಂದಿಷ್ಟು ಎದ್ದರೂ ಆ ಭಾಗ ಮಸುಕು. ಫಿಕ್ಸೇಟಿವ್‌ನಿಂದ ಅಲೆಯಾದ ಹಾಳೆಗೆ ಮೇಲೊಂದು ತೂಕದ ಪುಸ್ತಕ ಇಡಿ, ಇಲ್ಲವೇ ಈ ತೊಂದರೆ ಕಡಿಮೆಯಿರುವ ಸಿಸಿಡಿ ಸಂವೇದಕದ ಸ್ಕ್ಯಾನರ್ ಹುಡುಕಿ.

ನಂತರ ಚಿತ್ರ ತಿದ್ದುವ ತಂತ್ರಾಂಶದಲ್ಲಿ ‘ಲೆವೆಲ್ಸ್’, ಅಂದರೆ ಕಪ್ಪು ಬಿಳುಪಿನ ಹದ. ಕಾಗದದ ಹಿನ್ನೆಲೆ ಶಾಯಿಯ ಲೆಕ್ಕದಲ್ಲಿ ಶೇ 0, ಅಂದರೆ ಪೂರ್ತಿ ಬಿಳಿ ಆಗಬೇಕು. ಶೇ 2–3 ಉಳಿದರೆ ಅಚ್ಚಿನಲ್ಲಿ ಪುಟದ ತುಂಬ ಕೊಳೆಯಂಥ ಸಣ್ಣ ಚುಕ್ಕೆ ಬೀಳುತ್ತದೆ. ಆದರೆ ಹಾಗೆ ಮಾಡುವಾಗ ತೆಳು ಛಾಯೆ ಕೊಚ್ಚಿಹೋಗದಂತೆ ಕೆನ್ನೆ, ಆಕಾಶ, ಗೋಡೆ ಈ ಮೂರು ಜಾಗ ನೋಡಿಕೊಳ್ಳಿ. ಅತಿ ಗಾಢವಾದ್ದು ಶೇ 90ರ ಆಸುಪಾಸಿಗೆ ನಿಲ್ಲಲಿ. 100ಕ್ಕೆ ಎಳೆದರೆ ಪೆನ್ಸಿಲಿನ ಮೃದುತನವೇ ಹೋಗುತ್ತದೆ.

ಎಲ್ಲರೂ ಎಡವುವುದು ಮುದ್ರಣದಲ್ಲಿ. ಲೇಪವಿಲ್ಲದ ಮ್ಯಾಪ್‌ಲಿಥೋ ಕಾಗದ ಶಾಯಿ ಹೀರುತ್ತದೆ, ಅಚ್ಚಿನ ಚುಕ್ಕೆ ಹಿಗ್ಗುತ್ತದೆ. ಪರದೆಯಲ್ಲಿ ಶೇ 50 ಇದ್ದ ಬೂದು ಹಾಳೆಯ ಮೇಲೆ 70ರ ಹತ್ತಿರ ಕಾಣುತ್ತದೆ. ಅದಕ್ಕೇ ಕರ್ವ್ಸ್‌ನಲ್ಲಿ ಮಧ್ಯಬಿಂದುವನ್ನು 50ರಿಂದ 38–40ಕ್ಕೆ ಇಳಿಸಿ ಫೈಲ್ ಕೊಡಿ. ಮ್ಯಾಟ್ ಆರ್ಟ್ ಪೇಪರ್ ಆದರೆ ಇಷ್ಟು ಇಳಿಸುವುದು ಬೇಡ. ಇಡೀ ಪುಸ್ತಕಕ್ಕೆ ಮುಂಚೆ ಅದೇ ಕಾಗದದ ಮೇಲೆ ಒಂದು ಪುಟದ ಪ್ರೂಫ್ ತೆಗೆಸಿ. ಮುದ್ರಕರು ಗೊಣಗುತ್ತಾರೆ, ಗೊಣಗಲಿ.

ಅಚ್ಚುಮೊಳೆ

ನಾಲ್ಕು_ಬಿ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಕನ್ನಡ ಅಕ್ಷರವನ್ನು ಪೆನ್ಸಿಲ್ ಚಿತ್ರದ ಪದರದಲ್ಲೇ ಸೇರಿಸಿ ಫ್ಲ್ಯಾಟನ್ ಮಾಡಬೇಡಿ. ಚಿತ್ರ ಅಚ್ಚಾಗುವಾಗ ಚುಕ್ಕೆಗಳಾಗಿ ಒಡೆಯುತ್ತದೆ. ಅಕ್ಷರವೂ ಅದರ ಜೊತೆ ಒಡೆದರೆ ಒತ್ತಕ್ಷರದ ಸಣ್ಣ ಸುಳಿಗಳು ತುಂಬಿಕೊಳ್ಳುತ್ತವೆ. ಅಕ್ಷರ ಬೇರೆ ವೆಕ್ಟರ್ (ಚುಕ್ಕೆಯಾಗಿ ಅಲ್ಲ, ಗೆರೆಯಾಗಿ ಉಳಿಯುವ) ಪದರದಲ್ಲಿ, ಶೇ 100 ಕಪ್ಪು, ಚಿತ್ರದ ಮೇಲೆಯೇ ಅಚ್ಚಾಗುವಂತೆ ಓವರ್‌ಪ್ರಿಂಟ್.

ಬಲೂನು ದೊಡ್ಡ ತಲೆನೋವು. ಇಂಗ್ಲಿಷ್ ಕಾಮಿಕ್ಸ್ ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ, ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ಅರ್ಕಾವೊತ್ತು. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂದರೆ ಐದು ಸಾಲಿನ ಬಲೂನಿನಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಸಾಲು. ಉದ್ದುದ್ದ ಕ್ರಿಯಾಪದಗಳು ಅಗಲವನ್ನೂ ತಿನ್ನುತ್ತವೆ. ‘ಹೋಗಬೇಕಾಗಿತ್ತಂತೆ’ ಅನ್ನುವುದನ್ನು ಇಕ್ಕಟ್ಟಿನ ಬಲೂನಿಗೆ ತುರುಕಲಾಗದು, ‘ಹೋಗ್ಬೇಕಿತ್ತಂತೆ’ ಆದರೆ ಕೂರುತ್ತದೆ. ಇಪ್ಪತ್ತರ ಸೈನಿಕರ ಬಾಯಲ್ಲಿ ಅದೇ ಸಹಜ.

ಫಾಂಟ್‌ಗೆ ‘ಹುಬ್ಬಳ್ಳಿ’ ನೋಡಿ. ಒಂದೇ ದಪ್ಪದ ಗೆರೆ, ಕೈಬರಹದ ಲಯ, ಪೆನ್ಸಿಲ್ ಚಿತ್ರದ ಪಕ್ಕ ಅಹಂಕಾರ ಮಾಡುವುದಿಲ್ಲ. ‘ಬಾಲೂ ತಮ್ಮ’ ಕೂಗುವ ಮಾತಿಗೆ ಸರಿ, ಇಡೀ ಪುಸ್ತಕಕ್ಕೆ ಭಾರ. ನಿರೂಪಣಾ ಪಟ್ಟಿಗೆ ‘ತಿರೋ ಕನ್ನಡ’ ಹಾಕಿದರೆ ಅಂದಿನ ಮಾತು, ಇಂದಿನ ಮಾತು ನೋಡುತ್ತಲೇ ಬೇರೆಯಾಗುತ್ತವೆ. ಫೋಟೊಶಾಪ್‌ನಲ್ಲಿ ಒತ್ತಕ್ಷರ ಒಡೆದು ಸಾಲಾಗಿ ನಿಂತರೆ ಫಾಂಟ್ ಬಯ್ಯಬೇಡಿ. ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಬೇಕು. ಇಂಕ್‌ಸ್ಕೇಪ್‌ನಲ್ಲಿ ಈ ತಾಪತ್ರಯವಿಲ್ಲ, ದುಡ್ಡೂ ಬೇಡ.

ಹಳೆಯ ಇಂಗ್ಲಿಷ್ ಅಕ್ಷರ ಅಳಿಸುವಾಗ ಬಲೂನಿನ ಒಳಗನ್ನು ಅಪ್ಪಟ ಬಿಳಿ ತುಂಬಬೇಡಿ. ಸುತ್ತ ಮಾಸಲು ಕಾಗದ, ನಡುವೆ ಬಿಳಿ ತೇಪೆ, ಎದ್ದು ಕಾಣುತ್ತದೆ. ಪಕ್ಕದ ಖಾಲಿ ಜಾಗದಿಂದ ಕ್ಲೋನ್ ಮಾಡಿ.

ಪುಟಗಳ್ಳ

‘ನೀನು’, ‘ನೀವು’ ಬಗ್ಗೆ ಬಳಗದಲ್ಲಿ ಜಗಳವಾಗಿದೆ. ವೈದ್ಯಾಧಿಕಾರಿಯನ್ನು ಗುಮಾಸ್ತೆ ‘ನೀನು’ ಅನ್ನುವುದೇ?

ಮರಳುಬಸ್ಸು

ತರಬೇತಿಯ ಪುಟಗಳಲ್ಲಿ ‘ನೀವು’. ಅಲ್ಲಿ ಬೇಕೆಂದೇ ‘ಡಿಸ್ಟೆನ್ಸ್’ ಕಾಯುತ್ತಾರೆ: ಕಮಾಂಡರ್ ನಗುವುದಿಲ್ಲ, ಹೆಸರು ಹೇಳುವುದಿಲ್ಲ, ‘ಹೌದು, ಕಮಾಂಡರ್’ ಅಂತಲೇ ಉತ್ತರಿಸಬೇಕು. ತರಬೇತಿಯ ಕೊನೆಗೆ ಆ ಅಂತರ ಮುರಿಯುವುದೇ ಒಂದು ಪದ್ಧತಿ, ಕಮಾಂಡರ್ ತನ್ನ ಹೆಸರು ಹೇಳುತ್ತಾಳೆ. ಅದಾದ ಮೇಲೆ ನೆಲೆಯಲ್ಲಿ ಅಧಿಕಾರಿಗಳನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಹಾಗಾಗಿ ಅಲ್ಲಿ ‘ನೀನು’. ಕಿವಿಗೆ ಒರಟು ಅನಿಸಿದರೂ ಎಲ್ಲರಿಗೂ ‘ನೀವು’ ಹಾಕಿದರೆ ಆ ಸೇನೆ ನಮ್ಮ ತಾಲ್ಲೂಕು ಕಚೇರಿಯಾಗಿಬಿಡುತ್ತದೆ.

ಚಿತ್ರ ಬರೆಯುವವರು ಗಮನಿಸಿ: 2000ದ ಕಥೆಯಲ್ಲಿ ಟಾವೊರ್ ರೈಫಲ್ ಬರೆಯಬಾರದು, ಆಗಿನದು ಎಂ-16. ಸಿಪಾಯಿಗಳ ಪಟ್ಟಿ ತೋಳಿನ ಮೇಲೆ, ಅಧಿಕಾರಿಗಳದ್ದು ಹೆಗಲ ಮೇಲೆ. ಟೋಪಿ ತಲೆಯ ಮೇಲಿಲ್ಲದಾಗ ಮಡಚಿ ಎಡಹೆಗಲ ಪಟ್ಟಿಯ ಕೆಳಗೆ.

ಚುರುಮುರಿ

ನಮ್ಮ ಕಡೆ ಸೈನ್ಯದಾಗ ಇರೂ ಹೆಣ್ಣುಮಕ್ಕಳು ಇಂಥಾದ್ದು ಬರದ್ರ ಹೆಂಗ ಇರ್ತದ? ಬೆಂಗಳೂರಾಗ ಮಿಲಿಟರಿ ಪೊಲೀಸ್ ಹುಡುಗ್ಯಾರ ಬ್ಯಾಚು ಹೊರಗ ಬಿತ್ತಲ್ಲ.

ಕಾಲಗಣಕ

2021ರ ಮೇ 8, ಮೊದಲ ತಂಡ, 83 ಮಂದಿ, 61 ವಾರ ತರಬೇತಿ. ಒಳ್ಳೆಯ ವಸ್ತು, ಆದರೆ ಸೇವೆಯಲ್ಲಿರುವಾಗ ಅನುಮತಿಯಿಲ್ಲದೆ ಪ್ರಕಟಿಸಲು ಆಗದು. 1954ರ ಸೇನಾ ನಿಯಮಗಳ 21ನೆಯ ನಿಯಮದಂತೆ ಸೇವೆಗೆ ಸಂಬಂಧಿಸಿದ್ದನ್ನು ಪ್ರಕಟಿಸಲು ಪೂರ್ವಾನುಮತಿ ಬೇಕು. ನಿವೃತ್ತಿಯ ಮೇಲೂ 1923ರ ಅಧಿಕೃತ ರಹಸ್ಯ ಕಾಯ್ದೆ ಬೆನ್ನಿಗಿರುತ್ತದೆ. ನೆಲೆಯ ನಕ್ಷೆ, ಗೇಟು, ಕಾವಲು ಗೋಪುರ ಇದ್ದಂತೆಯೇ ಬರೆಯಬೇಡಿ, ಒಳಾಂಗಣ ಸಾಕು. ಸಹೋದ್ಯೋಗಿಗಳ ಹೆಸರು ಬದಲಿಸಿದರೆ ಸಾಲದು. ಚಿತ್ರದಲ್ಲಿ ಮುಖವೇ ಹೆಸರು. ಮೂಗು, ಕೂದಲು, ಕನ್ನಡಕ ಎಲ್ಲ ಬದಲಿಸಬೇಕು.

ಪುಟಗಳ್ಳ

ಎಂಟು ಪುಟದ ಅನುವಾದಕ್ಕೆ ಅನುಮತಿ?

ಅಚ್ಚುಮೊಳೆ

ನೀವೊಬ್ಬರೇ ಅಭ್ಯಾಸಕ್ಕೆ ಮಾಡಿಕೊಂಡರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಖಾಸಗಿ ಬಳಕೆಗೆ ಜಾಗ ಕೊಡುತ್ತದೆ. ಹಂಚಿದರೆ, ಅಂತರ್ಜಾಲಕ್ಕೆ ಹಾಕಿದರೆ, ಉಚಿತವಾಗಿಯೇ ಆದರೂ, ಅನುಮತಿ ಬೇಕು. ಅನುವಾದದ ಹಕ್ಕು ಲೇಖಕಿಯದು. ಇದು ಅವರೇ ಪ್ರಕಟಿಸಿಕೊಂಡ ಪುಸ್ತಕ, ಆದ್ದರಿಂದ ನೇರ ಅವರಿಗೇ ಬರೆಯಿರಿ. ಯಾವ ಪುಟಗಳು, ಎಷ್ಟು ಪ್ರತಿ, ಎಲ್ಲಿ ಓದುತ್ತೀರಿ ಅನ್ನುವುದನ್ನು ಮೊದಲ ಪತ್ರದಲ್ಲೇ ಹೇಳಿ, ಅಕ್ಷರ ಕೂರಿಸಿದ ಒಂದು ಪುಟದ ಮಾದರಿಯನ್ನೂ ಜೊತೆಗಿಡಿ. ಉತ್ತರ ಬರುವವರೆಗೆ ಮೂಲ ಪುಟವನ್ನೇ ಇಟ್ಟುಕೊಂಡು, ಕನ್ನಡ ಮಾತನ್ನು ಬೇರೆ ಹಾಳೆಯಲ್ಲಿ ಚೌಕದ ಸಂಖ್ಯೆ ಹಾಕಿ ಓದಿ ಹೇಳಿ.